ಒಂದು ವರ್ಷದ ಅನುದಾನ: ತಗೊಳ್ಳಿ, ಆದರೆ...
ಅಪ್ಪ ಅಥವಾ ಅಮ್ಮನನ್ನು ಕಳೆದುಕೊಂಡ ನಗರದ ಮಕ್ಕಳಿಗೆ ದುಃಖ ಹಂಚಿಕೊಳ್ಳುವ ಗುಂಪು ನಡೆಸಲು ಒಂದೇ ವರ್ಷದ ಹಣ ಸಿಗುತ್ತಿದೆ, ಒಪ್ಪಿಕೊಳ್ಳಲಾ ಎಂದು ಕೇಳಿದ್ದೀರಿ. ಒಪ್ಪಿಕೊಳ್ಳಿ. ಆದರೆ ಎರಡನೇ ವರ್ಷದ ಮಾತನ್ನು ಈಗಲೇ ಶುರು ಮಾಡಿ. ಮಕ್ಕಳ ದುಃಖ ದಾನಿಯ ಕ್ಯಾಲೆಂಡರ್ ನೋಡಿ ಮುಗಿಯುವುದಿಲ್ಲ. ಆರು ವರ್ಷಕ್ಕೆ ಅಪ್ಪನನ್ನು ಕಳೆದುಕೊಂಡ ಹುಡುಗಿ ಹನ್ನೆರಡಕ್ಕೆ ಮತ್ತೆ ಹೊಸದಾಗಿ ಅಳಬಹುದು. ಏನು ಹೋಯಿತು ಅನ್ನುವುದು ಆಗ ಬೇರೆ ಥರ ಅರ್ಥವಾಗುತ್ತದೆ. ನಡುವೆ ಗುಂಪು ನಿಂತರೆ ಅದು ಇನ್ನೊಂದು ಅಗಲಿಕೆ ಅಲ್ವಾ?

1982ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಶುರುವಾದ, ಆಪ್ತರನ್ನು ಕಳೆದುಕೊಂಡ ಮಕ್ಕಳಿಗೆ ನೆರವಾಗುವ ಡಗಿ ಸೆಂಟರ್ ಎಂಬ ಸಂಸ್ಥೆಯ ಮಾದರಿ ನೋಡಿ: ತರಬೇತಿ ಪಡೆದ ಸ್ವಯಂಸೇವಕರು, ಆಟ, ಓರಗೆಯ ಮಕ್ಕಳ ಗುಂಪು. ಸ್ವಯಂಸೇವಕರಿದ್ದರೂ ಸಂಯೋಜಕರಿಗೆ ಸಂಬಳ ಬೇಕು, ಮಕ್ಕಳಿಗೆ ಬಸ್ ಖರ್ಚು ಬೇಕು. ದಾನಿಗಳಿಗೆ ಇವು ರುಚಿಸುವುದು ಕಡಿಮೆ, ಬಣ್ಣದ ಗೋಡೆಗಳೇ ಇಷ್ಟ! ಬಜೆಟ್‌ನಲ್ಲಿ ಮೊದಲು ಸಂಬಳ, ಬಸ್ ಖರ್ಚನ್ನೇ ಬರೆಯಿರಿ.