ಡಿಕ್ ಲೆಬೋ ಅವರ ಝೋನ್ ಬ್ಲಿಟ್ಝ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗನ ಜೊತೆ ಪಿಟ್ಸ್‌ಬರ್ಗ್‌ನಲ್ಲಿದ್ದಾಗ ಅಮೆರಿಕನ್ ಫುಟ್‌ಬಾಲ್ ನೋಡುವ ರೂಢಿಯಾಯಿತು. ಅಲ್ಲಿ ಡಿಕ್ ಲೆಬೋ ಹೆಸರು ಬಂದಾಗಲೆಲ್ಲ ‘ಝೋನ್ ಬ್ಲಿಟ್ಝ್’ ಎನ್ನುತ್ತಾರೆ. ಮಾಮೂಲಿ ಬ್ಲಿಟ್ಝ್‌ಗಿಂತ ಇದು ಹೇಗೆ ಬೇರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಸಾಮಾನ್ಯವಾಗಿ ರಕ್ಷಣಾ ತಂಡದ ನಾಲ್ವರು ನುಗ್ಗುತ್ತಾರೆ, ಏಳು ಮಂದಿ ಹಿಂದೆ ಕಾಯುತ್ತಾರೆ. ಅದಕ್ಕಿಂತ ಹೆಚ್ಚು ಮಂದಿ ನುಗ್ಗಿದರೆ ಅದು ಬ್ಲಿಟ್ಝ್. ಹಳೆಯ ಬ್ಲಿಟ್ಝ್‌ನಲ್ಲಿ ಆರೇಳು ಮಂದಿ ನುಗ್ಗುತ್ತಿದ್ದರು. ಆಗ ಹಿಂದೆ ಉಳಿದವರು ಚೆಂಡು ಹಿಡಿಯಲು ಓಡುವ ಒಬ್ಬೊಬ್ಬ ರಿಸೀವರ್‌ಗೆ ಒಬ್ಬರಂತೆ ಅಂಟಿಕೊಂಡೇ ಓಡಬೇಕು. ಒಬ್ಬ ಎಡವಿದರೂ ಎದುರಾಳಿಗೆ ಟಚ್‌ಡೌನ್, ಅಂದರೆ ಆರು ಅಂಕ. 1980ರ ದಶಕದಲ್ಲಿ ಚೆಂಡನ್ನು ಚುರುಕಾಗಿ, ಹತ್ತಿರಕ್ಕೇ ಎಸೆಯುವ ತಂಡಗಳು ಬಲಿತಾಗ ಈ ಜೂಜು ದುಬಾರಿಯಾಯಿತು. ಆಗ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ರಕ್ಷಣಾ ಕೋಚ್ ಆಗಿದ್ದ ಲೆಬೋ, ಮಯಾಮಿ ಡಾಲ್ಫಿನ್ಸ್‌ನಲ್ಲಿ 1970ರ ದಶಕದಲ್ಲಿ ಬಿಲ್ ಆರ್ನ್ಸ್‌ಪಾರ್ಗರ್ ಮಾಡಿದ್ದ ಪ್ರಯೋಗವನ್ನು ತೆಗೆದುಕೊಂಡು ಪೂರ್ಣ ಪದ್ಧತಿಯಾಗಿ ಬೆಳೆಸಿದರು.

ಲೆಕ್ಕ ಹೀಗೆ: ಐವರು ನುಗ್ಗುತ್ತಾರೆ, ಉಳಿದವರು ರಿಸೀವರ್‌ಗಳಿಗೆ ಅಂಟಿಕೊಳ್ಳದೆ ಜಾಗಗಳನ್ನು (ಝೋನ್) ಕಾಯುತ್ತಾರೆ: ಮೂವರು ಮಧ್ಯದ ಜಾಗಗಳನ್ನು, ಮೂವರು ಆಳದ ಜಾಗಗಳನ್ನು. ನುಗ್ಗುವವರು ಯಾರು ಎಂಬುದರಲ್ಲೇ ಚಾತುರ್ಯ. ಉದಾಹರಣೆಗೆ, ಬಲಗಡೆಯಿಂದ ಇಬ್ಬರು ಲೈನ್‌ಬ್ಯಾಕರ್‌ಗಳು (ಮುಂದಿನ ಸಾಲಿನ ಹಿಂದೆ ನಿಲ್ಲುವವರು) ಒಟ್ಟಿಗೆ ಬರುತ್ತಾರೆ. ಅದೇ ಹೊತ್ತಿಗೆ ಎಡಗಡೆ ಮುಂದಿನ ಸಾಲಿನಲ್ಲಿ ನಿಂತಿದ್ದವನು ಹಿಂದೆ ಸರಿಯುತ್ತಾನೆ. ಅವನನ್ನು ತಡೆಯಲು ಕಾದ ಎದುರಾಳಿಗೆ ಕೆಲಸವೇ ಇರುವುದಿಲ್ಲ, ಬಲಗಡೆ ಮಾತ್ರ ತಡೆಯುವವರು ಸಾಲದೆ ಹೋಗುತ್ತಾರೆ. ಬ್ಲಿಟ್ಝ್ ಕಂಡ ಕ್ವಾರ್ಟರ್‌ಬ್ಯಾಕ್ ಅವಸರದಲ್ಲಿ ಹತ್ತಿರದ ಜಾಗಕ್ಕೆ ಎಸೆದರೆ, ಹಿಂದೆ ಸರಿದವನು ಅಲ್ಲೇ ನಿಂತಿರುತ್ತಾನೆ.

ಲೆಬೋ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ರಕ್ಷಣಾ ಕೋಚ್ ಆಗಿದ್ದಾಗ, 2009ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಅಂತಿಮ ಪಂದ್ಯ) ನಡೆದದ್ದು ಇದೇ ಬಗೆಯ ಬಲೆ. ನುಗ್ಗಬೇಕಿದ್ದ ಸ್ಟೀಲರ್ಸ್ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್ ತನ್ನದೇ ತೀರ್ಮಾನದಿಂದ ಹಿಂದೆ ಸರಿದು, ಗೋಲ್ ಗೆರೆಯ ಬಳಿ ಅರಿಝೋನಾ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದ ಚೆಂಡನ್ನು ಹಿಡಿದು 100 ಗಜ ಓಡಿ ಟಚ್‌ಡೌನ್ ಮಾಡಿದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅರಿಝೋನಾವನ್ನು 27–23ರಿಂದ ಸೋಲಿಸಿತು. ಆ ಋತುವಿನ 16 ಲೀಗ್ ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 223 ಅಂಕ ಮಾತ್ರ, ಲೀಗ್‌ನಲ್ಲೇ ಅತಿ ಕಡಿಮೆ.

ಪ್ರಶ್ನೆ: ಮುಖ್ಯ ಕೋಚ್ ಆಗಿ ಸೋತ ಲೆಬೋ ಅವರನ್ನು ಇಷ್ಟೊಂದು ಹೊಗಳುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೆಂಗಾಲ್ಸ್ ಮುಖ್ಯ ಕೋಚ್ ಆಗಿ 2000ದಿಂದ 2002ರವರೆಗೆ 12 ಗೆಲುವು, 33 ಸೋಲು: ನಿಜ. ಆದರೆ ಅದು ಬೇರೆಯೇ ಕೆಲಸ. ಡೆಟ್ರಾಯ್ಟ್ ಲಯನ್ಸ್‌ಗೆ 14 ಋತು ಆಡಿ ಎದುರಾಳಿಯ 62 ಪಾಸ್ (ಎಸೆತ) ಕಸಿದ ಕಾರ್ನರ್‌ಬ್ಯಾಕ್, ಅಂದರೆ ಅಂಚಿನಲ್ಲಿ ರಿಸೀವರ್‌ಗಳನ್ನು ಕಾಯುವ ಆಟಗಾರ, ಇವರು. 2010ರಲ್ಲಿ ಹಾಲ್ ಆಫ್ ಫೇಮ್ (ಆಟದ ಶ್ರೇಷ್ಠರ ಗೌರವ ಸಾಲು) ಸೇರಿದ್ದೂ ಆ ಆಟಕ್ಕಾಗಿಯೇ. ಪಾಸ್ ಕಸಿಯುವವನ ಕಣ್ಣಿನಿಂದ ರಕ್ಷಣೆಯನ್ನು ಕಟ್ಟಿದ್ದು ಅವರ ಶಕ್ತಿ. 2004ರಿಂದ 2014ರವರೆಗೆ ಸ್ಟೀಲರ್ಸ್ ರಕ್ಷಣೆ ಅವರ ಕೈಯಲ್ಲಿದ್ದಾಗ ತಂಡ ಮೂರು ಸೂಪರ್ ಬೌಲ್ ಆಡಿ ಎರಡನ್ನು ಗೆದ್ದಿತು.

ಪ್ರಶ್ನೆ: ಒಹಾಯೊದಲ್ಲಿ ನನ್ನ ಮೊಮ್ಮಗ ಶಾಲಾ ತಂಡದ ಮುಂದಿನ ಸಾಲಿನಲ್ಲಿ ಆಡುತ್ತಾನೆ. ಹಿಂದೆ ಸರಿಯಲು ಹೇಳಿದಾಗಲೆಲ್ಲ ತಡವಾಗುತ್ತದಂತೆ. ಏನು ಮಾಡಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಮೊದಲು ಬ್ಲಿಟ್ಝ್ ಇಲ್ಲದೆ, ಮಧ್ಯದ ಮೂವರು ಮತ್ತು ಆಳದ ಮೂವರ ಕಾವಲನ್ನಷ್ಟೇ ಅಭ್ಯಾಸ ಮಾಡಲಿ. ಆಮೇಲೆ ಒಂದೇ ಒಂದು ಬ್ಲಿಟ್ಝ್ ಸೇರಿಸಲಿ. ಮುಂದಿನ ಸಾಲಿನ ಹುಡುಗ ಚೆಂಡು ಕದಲಿದೊಡನೆ ಒಂದು ಚಿಕ್ಕ ಹೆಜ್ಜೆ ಮುಂದಿಟ್ಟು ಎದುರಾಳಿಯನ್ನು ನಂಬಿಸಬೇಕು, ತಕ್ಷಣ ಸೊಂಟ ತಿರುಗಿಸಿ ತನ್ನ ಜಾಗಕ್ಕೆ ಓಡಬೇಕು. ಬೆನ್ನು ಹಾಕದೆ ಹಿಂದಕ್ಕೆ ಅಡಿಯಿಡುತ್ತ ಹೋಗುವುದೇ ಅನೇಕರ ತಡಕ್ಕೆ ಕಾರಣ. ಓಡುವಾಗ ತಲೆ ತಿರುಗಿಸಿ ಕ್ವಾರ್ಟರ್‌ಬ್ಯಾಕ್ ಮೇಲೆ ಕಣ್ಣಿಡಲಿ. ಚೆಂಡು ಕದಲುವ ಮುನ್ನವೇ ಭಾರವನ್ನು ಹಿಮ್ಮಡಿಗೆ ಹಾಕಿದರೆ ಗುಟ್ಟು ರಟ್ಟಾಗುತ್ತದೆ.

ಹುಡುಗ ಭಾರಿ ಮೈಕಟ್ಟಿನವನಾದರೆ ಮಧ್ಯದ ಕಿರಿದಾದ ಜಾಗ ಕೊಡಲಿ. ಚುರುಕು ರಿಸೀವರ್ ಹಿಂದೆ ಅವನನ್ನು ಓಡಿಸುವುದು ತಪ್ಪು. ಎದುರಾಳಿ ನಾಲ್ವರನ್ನು ನೇರವಾಗಿ ಆಳಕ್ಕೆ ಓಡಿಸಿದರೆ ಅಲ್ಲಿ ಕಾಯುವವರು ಮೂವರೇ. ಆದ್ದರಿಂದ ಮಧ್ಯದಲ್ಲಿ ಬದಿಗಳನ್ನು ಕಾಯುವ ಇಬ್ಬರು ಒಳಗಿನ ರಿಸೀವರ್‌ಗಳಿಗೆ ಅಡ್ಡ ನಿಂತು ಅವರ ಓಟ ನಿಧಾನಿಸಲೇಬೇಕು. ಅಂಚಿನಿಂದ ನುಗ್ಗುವವರು ಕ್ವಾರ್ಟರ್‌ಬ್ಯಾಕ್‌ನ ಹೊರಬದಿ ಬಿಡಬಾರದು, ಬಿಟ್ಟರೆ ಅವನೇ ಚೆಂಡು ಹಿಡಿದು ಓಡುತ್ತಾನೆ.