ಪ್ರತಿಕ್ರಿಯೆ: ಮಧುಗಿರಿ ಬೆಟ್ಟ ಕಪ್ಪು-ಬಿಳುಪಿನಲ್ಲಿ ಯಾಕೆ ಸಪ್ಪೆ?

ಮಧುಗಿರಿ ಬೆಟ್ಟದ ಫೋಟೋ ಕಪ್ಪು-ಬಿಳುಪು ಮಾಡಿದರೆ ಬಂಡೆ, ಆಕಾಶ ಎರಡೂ ಒಂದೇ ಬೂದುಬಣ್ಣ ಅಂದಿದ್ದೀರಿ. ಎಡಿಟ್ ಮಾಡುವಾಗ ಸ್ಯಾಚುರೇಶನ್ (ಬಣ್ಣದ ಗಾಢತೆ) ಸೊನ್ನೆಗಿಳಿಸಿದ್ದೀರಿ ಅನಿಸುತ್ತದೆ, ಎಡವಟ್ಟು ಅಲ್ಲೇ. ನೀಲಿ ಆಕಾಶ, ಕಂದು ಬಂಡೆ ಬಣ್ಣದಲ್ಲಿ ಬೇರೆ, ಹೊಳಪಿನಲ್ಲಿ ಹೆಚ್ಚುಕಡಿಮೆ ಒಂದೇ. ಬಣ್ಣ ತೆಗೆದರೆ ವ್ಯತ್ಯಾಸವೂ ಹೋಯಿತು.

ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ತೆಗೆದು, ಎಡಿಟಿಂಗ್ ತಂತ್ರಾಂಶದ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸರ್‌ನಲ್ಲಿ (ಯಾವ ಬಣ್ಣ ಎಷ್ಟು ಕಪ್ಪು, ಎಷ್ಟು ಬಿಳಿಯಾಗಬೇಕು ಎಂದು ಹೊಂದಿಸುವ ಜಾಗ) ನೀಲಿಯನ್ನು -40ರ ಹತ್ತಿರ ಇಳಿಸಿ, ಕಿತ್ತಳೆಯನ್ನು +20ಕ್ಕೆ ಏರಿಸಿ. ನೀಲಿಯನ್ನು ತೀರಾ ಇಳಿಸಿದರೆ ಆಕಾಶವೆಲ್ಲ ಕಾಳುಕಾಳು, ಬೆಟ್ಟದ ಅಂಚಿಗೆ ಬಿಳಿ ಗೆರೆ. ಕಪ್ಪು-ಬಿಳುಪು ಫಿಲ್ಮ್ ಆದರೆ ಲೆನ್ಸ್‌ಗೆ ಕೆಂಪು ಫಿಲ್ಟರ್ ಹಾಕಿ, ಅದು ನೀಲಿಯನ್ನು ತಡೆದು ಆಕಾಶವನ್ನು ಕಪ್ಪಾಗಿಸುತ್ತದೆ. ಸುಮಾರು 3 ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ). ಮೋಡ ಮುಚ್ಚಿದ ದಿನ ಅದೂ ದಂಡ, ಕಪ್ಪಾಗಿಸಲು ನೀಲಿಯೇ ಇರುವುದಿಲ್ಲವಲ್ಲ!

ಮಧ್ಯಾಹ್ನವಂತೂ ಹೋಗಬೇಡಿ. ಕಪ್ಪು-ಬಿಳುಪಿನ ಸೊಗಸೆಲ್ಲ ನೆರಳಿನದು. ಬೆಳಿಗ್ಗೆ 8 ಗಂಟೆಯೊಳಗಿನ ಓರೆ ಬಿಸಿಲಿಗೆ ಬಂಡೆಯ ಉಬ್ಬುತಗ್ಗು, ಕೋಟೆಗೋಡೆಯ ಕಲ್ಲಿನ ಸಂದು ಎದ್ದು ಕಾಣುತ್ತವೆ.