ಸಂಪಾದಕರ ಉತ್ತರ: ಫಿಜಿಯಂಥ ದೇಶ ಗೆಲ್ಲುವ ಆಟ

(ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಿಮ್ಮ ಕ್ರೀಡಾ ಪುಟದಲ್ಲಿ ರಗ್ಬಿ, ಸೈಕಲ್ ರೇಸು, ಕೆಸರುಗದ್ದೆ ಓಟ ಎಂದು ಜಾಗ ಹಾಳು ಮಾಡುತ್ತಿದ್ದೀರಿ. ಜಗತ್ತಿಗೆ ಇರುವುದು ಒಂದೇ ಆಟ, ಫುಟ್‌ಬಾಲ್. ಅದರಲ್ಲೂ ಯುರೋಪಿನದ್ದು ಬರೆಯಿರಿ, ನಮ್ಮವರದ್ದು ಬರೆಯುವಂಥದ್ದು ಏನಿದೆ? ರಗ್ಬಿ ಎಂದರೆ ಸಂತೆಯ ನೂಕಾಟ. ಫಿಜಿಯಂಥ ದೇಶ ಒಲಿಂಪಿಕ್ಸ್ ಚಿನ್ನ ಗೆಲ್ಲುವ ಆಟ ಎಂಥ ಆಟ? ಮೂರು ವಾರ ಸೈಕಲ್ ತುಳಿಯುವುದನ್ನು ನೋಡಲು ಮನೆಯಲ್ಲಿ ಬೇರೆ ಕೆಲಸ ಇಲ್ಲದವರೇ ಆಗಬೇಕು. ಸಣ್ಣಪುಟ್ಟ ಆಟಗಳಲ್ಲಿ ಪದಕ ಬರುವುದು ಸ್ಪರ್ಧೆಗೆ ಜನ ಇಲ್ಲದ್ದರಿಂದ.")

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಡಿಟಿಪಿ ಮಾಡುವ ಹುಡುಗ ಎರಡು ಸಲ ಓದಿ "ಸಾರ್, ಇವರು ಹೇಳ್ತಿರೋದು ಸರಿಯಾಗೇ ಇದೆ" ಅಂದ. ಅವನು ಬಾರ್ಸಿಲೋನಾ ಅಭಿಮಾನಿ. ಬುಧವಾರ, ಗುರುವಾರ ಬೆಳಿಗ್ಗೆ ಅವನ ಮುಖ ನೋಡಿದರೆ ಸಾಕು, ರಾತ್ರಿ ಒಂದೂವರೆಗೆ ಶುರುವಾದ ಪಂದ್ಯದ ಫಲಿತಾಂಶ ಗೊತ್ತಾಗುತ್ತದೆ. ಆದ್ದರಿಂದ ಈ ಕಚೇರಿಯಲ್ಲಿ ನಿಮ್ಮ ಕಡೆಗೇ ಬಹುಮತ. ವಿರೋಧ ಪಕ್ಷ ಎಂದರೆ ನಾನೊಬ್ಬ.

ಫುಟ್‌ಬಾಲ್ ದೊಡ್ಡ ಆಟ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ನಾಲ್ಕು ಚಪ್ಪಲಿ ಇಟ್ಟರೆ ಎರಡು ಗೋಲ್‌ಪೋಸ್ಟ್ ಆಗುವ ಆಟ ಅದು. ಆದರೆ "ನಮ್ಮವರದ್ದು ಏನಿದೆ" ಎಂದಿರಲ್ಲ, ಅಲ್ಲಿ ನಿಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಿನಲ್ಲಿ ಆಡಿದ ನಮ್ಮ ತಂಡ ಫ್ರಾನ್ಸ್ ಎದುರು 2–1ರಿಂದ ಸೋತಿತು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದ್ದವು, ಇಲ್ಲದಿದ್ದರೆ ಕತೆಯೇ ಬೇರೆ. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ಹಳೇ ಪುರಾಣ ಬೇಡ ಎನ್ನುತ್ತೀರಾ? 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದೆ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು! ಐವತ್ತನಾಲ್ಕು ವರ್ಷ ಕಾದ ಕಪ್ಪು. ಆ ದಿನ ನೀವು ಟಿವಿ ಮುಂದೆ ಇದ್ದಿರಾ? ನಾನಂತೂ ಇರಲಿಲ್ಲ. ಮರುದಿನ ಪತ್ರಿಕೆಯಲ್ಲಿ ಓದಿ "ಅರೆ, ಹೌದಾ" ಅಂದವನು ನಾನು. ಮ್ಯಾಂಚೆಸ್ಟರ್ ತಂಡದ ಬೆಂಚಿನಲ್ಲಿ ಯಾರು ಕೂತಿದ್ದರು ಎಂದು ಹೇಳಬಲ್ಲ ನಮಗೆ ಕರ್ನಾಟಕದ ಹನ್ನೊಂದು ಜನರ ಹೆಸರು ಗೊತ್ತಿಲ್ಲ. ಫುಟ್‌ಬಾಲೂ ನಮ್ಮಲ್ಲಿ ಒಂದು ಸಣ್ಣ ಆಟವೇ, ಸ್ವಾಮಿ.

ರಗ್ಬಿಗೆ ಬರೋಣ. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ, ಕಾರ್ನರ್‌ನಲ್ಲಿ ನಿಲ್ಲುತ್ತಿದ್ದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ನಿಮಗೆ ಈ ಆಟ ಅರ್ಥವಾಗಲು ಹತ್ತು ನಿಮಿಷ ಸಾಕು. ನುಗ್ಗಿ ಬರುವವನ ತೊಡೆಗೋ ಪಾದಕ್ಕೋ ಕೈ ಹಾಕಿ ಕೆಡವುವುದು ಎರಡಕ್ಕೂ ಸಮ. ರಗ್ಬಿಯಲ್ಲಿ ಭುಜಕ್ಕಿಂತ ಮೇಲಕ್ಕೆ ಕೈ ಹಾಕಿದರೆ ತಪ್ಪು; ಕೆಳಗೆ ಬಿದ್ದವನು ಚೆಂಡನ್ನು ಅಪ್ಪಿಕೊಂಡು ಮಲಗುವಂತಿಲ್ಲ, ಬಿಡಲೇಬೇಕು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ ಎನ್ನುವುದು ಇಡೀ ಆಟದ ಗುಟ್ಟು. ತಾನು ಮುಂದಕ್ಕೆ ಹೋಗಬೇಕು, ಚೆಂಡನ್ನು ಮಾತ್ರ ಹಿಂದಿನವನಿಗೆ ಕೊಡಬೇಕು. ಹಾಗಾಗಿ ಹದಿನೈದು ಜನವೂ ಒಬ್ಬರ ಹಿಂದೊಬ್ಬರು ಓರೆಯಾಗಿ ಓಡುತ್ತಲೇ ಇರಬೇಕು. ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ. ಸಂತೆಯ ನೂಕಾಟದಲ್ಲಿ ಇಷ್ಟೊಂದು ಕಾನೂನು ಇರುತ್ತದೆಯೇ? ನಿಮ್ಮ ಕಡೆ ಮಳೆಗಾಲದಲ್ಲಿ ನಡೆಯುವ ಕೆಸರುಗದ್ದೆ ಹಗ್ಗಜಗ್ಗಾಟ ನೋಡಿದ್ದೇನೆ. ಮೊಣಕಾಲುದ್ದ ಕೆಸರಿನಲ್ಲಿ ಹಿಮ್ಮಡಿ ಊರಿ, ಉಸಿರು ಒಟ್ಟಿಗೆ ಬಿಟ್ಟು ಎಳೆಯುವ ಆ ಲೆಕ್ಕಾಚಾರವೇ ರಗ್ಬಿಯಲ್ಲಿ ಎರಡು ತಂಡದವರು ಭುಜಕ್ಕೆ ಭುಜ ಕೊಟ್ಟು ನಿಲ್ಲುವ ಸ್ಕ್ರಮ್‌ನಲ್ಲೂ ಇರುವುದು. ಇಲ್ಲಿ ಎಳೆಯುತ್ತಾರೆ, ಅಲ್ಲಿ ತಳ್ಳುತ್ತಾರೆ. ಅಂದಹಾಗೆ ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲೂ ಇತ್ತು. ಇನ್ನೂ ಇದ್ದಿದ್ದರೆ ಮಲೆನಾಡಿನಿಂದ ಒಂದು ತಂಡ ಕಳಿಸಬಹುದಿತ್ತು.

ರಗ್ಬಿ ನಮ್ಮ ದೇಶಕ್ಕೆ ಸಂಬಂಧವೇ ಇಲ್ಲದ್ದು ಎಂದೂ ಬರೆದಿದ್ದೀರಿ. 1878ರಲ್ಲಿ ಕಲ್ಕತ್ತದ ರಗ್ಬಿ ಕ್ಲಬ್ಬೊಂದು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿತು. ಮೂರು ಹಿಡಿಕೆಗಳೂ ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಪ್ರತಿವರ್ಷ ಹೊಡೆದಾಡುವುದು ಆ ಕಲ್ಕತ್ತಾ ಕಪ್ಪಿಗಾಗಿ.

ಸೈಕಲ್ ವಿಚಾರದಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ. ನೀವು ಹೇಳಿದ ಆ ಮೂರು ವಾರದ ರೇಸು, ಟೂರ್ ದ ಫ್ರಾನ್ಸ್, ಹುಟ್ಟಿದ್ದು ಪತ್ರಿಕೆಯ ಕಚೇರಿಯಲ್ಲಿ. ಪ್ಯಾರಿಸ್‌ನ 'ಲೋಟೋ' ಎಂಬ ಕ್ರೀಡಾ ಪತ್ರಿಕೆಗೆ ಮಾರಾಟ ಇರಲಿಲ್ಲ, ಎದುರಾಳಿ ಪತ್ರಿಕೆ ಮುಂದಿತ್ತು. ಒಬ್ಬ ಕಿರಿಯ ವರದಿಗಾರ, ಇಡೀ ದೇಶ ಸುತ್ತುವ ರೇಸು ಮಾಡಿದರೆ ಹೇಗೆ ಅಂದ. ಸಂಪಾದಕ ಆನ್ರಿ ದೆಗ್ರಾಂಜ್ ಒಪ್ಪಿದ. 1903ರಲ್ಲಿ ಅರವತ್ತು ಜನ ಹೊರಟರು, ಇಪ್ಪತ್ತೊಂದು ಜನ ಮುಟ್ಟಿದರು, ಪತ್ರಿಕೆ ಬದುಕಿತು. ಮುಂದೆ ಹೋಗುತ್ತಿರುವವನು ಯಾರೆಂದು ಜನರಿಗೆ ತಿಳಿಯಲಿ ಎಂದು 1919ರಲ್ಲಿ ಹಳದಿ ಅಂಗಿ ಕೊಟ್ಟರು. 'ಲೋಟೋ' ಅಚ್ಚಾಗುತ್ತಿದ್ದುದೂ ಹಳದಿ ಕಾಗದದ ಮೇಲೆಯೇ. ಇಟಲಿಯ ರೇಸಿನಲ್ಲಿ ಗುಲಾಬಿ ಅಂಗಿ, ಏಕೆಂದರೆ ಅಲ್ಲಿಯ ಪತ್ರಿಕೆಯ ಕಾಗದ ಗುಲಾಬಿ. ನಮ್ಮ ಪತ್ರಿಕೆಯ ಕಾಗದದ ಬಣ್ಣದ ಅಂಗಿ ಹೊಲಿಸಿದರೆ ಒಗೆಯದ ಪಂಚೆಯಂತೆ ಕಾಣುತ್ತದೆ, ಆ ಮಾತು ಬಿಡಿ.

ನೋಡಲು ಬೇಸರ ಎಂದಿರಿ. ಮೊದಲ ಬಾರಿ ನನಗೂ ಹಾಗೇ ಆಗಿತ್ತು. ಆಮೇಲೆ ಹೈಸ್ಕೂಲು ದಿನಗಳ ಒಂದು ಸಂಗತಿ ನೆನಪಾಯಿತು. ಊರಿಂದ ಹಾಸನಕ್ಕೆ ಸೈಕಲ್‌ನಲ್ಲಿ ಬರುತ್ತಿದ್ದೆ. ಶ್ರಾವಣದ ಎದುರುಗಾಳಿ ಎಂದರೆ ಪೆಡಲ್ ತುಳಿದರೂ ಸೈಕಲ್ ನಿಂತಲ್ಲೇ ನಿಂತ ಹಾಗೆ. ಆಲೂಗಡ್ಡೆ ಮೂಟೆ ತುಂಬಿದ ಟ್ರ್ಯಾಕ್ಟರ್ ಬಂದರೆ ಹಬ್ಬ. ಟ್ರೇಲರ್ ಹಿಂದೆ ಎರಡು ಮಾರು ದೂರ ಹಿಡಿದರೆ ಗಾಳಿಯೇ ಇಲ್ಲದ ಒಂದು ಕೋಣೆ, ಕಾಲು ತನಗೆ ತಾನೇ ತಿರುಗುತ್ತಿತ್ತು. ಸೈಕಲ್ ರೇಸಿನ ಪೂರ್ತಿ ರಾಜಕೀಯ ಆ ಕೋಣೆಯೊಳಗೆ ಇದೆ. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿತಾಯವಾಗುತ್ತದೆ. ಎಂಟು ಜನರ ತಂಡದಲ್ಲಿ ಏಳು ಜನ ಗಾಳಿಗೆ ಎದೆ ಕೊಟ್ಟು, ನೀರಿನ ಬಾಟಲಿ ಹೊತ್ತು, ಚಕ್ರ ಕೆಟ್ಟರೆ ತಮ್ಮದನ್ನೇ ಬಿಚ್ಚಿಕೊಟ್ಟು, ಎಂಟನೆಯವನನ್ನು ಬೆಟ್ಟದ ಬುಡಕ್ಕೆ ಮುಟ್ಟಿಸುತ್ತಾರೆ. ಮದುವೆ ಮನೆಯಲ್ಲಿ ಬಡಿಸಿದವರ ಹೆಸರನ್ನು ಯಾರೂ ಲಗ್ನಪತ್ರಿಕೆಯಲ್ಲಿ ಹಾಕಿಸುವುದಿಲ್ಲವಲ್ಲ, ಹಾಗೆ. 1989ರ ಟೂರ್‌ನಲ್ಲಿ ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ತುಳಿದ ಮೇಲೆ ಗ್ರೆಗ್ ಲೆಮಾಂಡ್ ಗೆದ್ದದ್ದು ಎಂಟು ಸೆಕೆಂಡಿನಿಂದ. ಮೂರು ವಾರ ಸುಮ್ಮನೆ ಕೂತು ನೋಡಿದವನಿಗೆ ಮಾತ್ರ ಆ ಎಂಟು ಸೆಕೆಂಡು ಎಷ್ಟು ಉದ್ದ ಎಂದು ಗೊತ್ತು.

ಸೈಕಲ್ ರೇಸಿನವರ ಉದ್ದೀಪನ ಮದ್ದಿನ ಮಾತನ್ನೂ ಎತ್ತಿದ್ದೀರಿ, ಅದು ನ್ಯಾಯ. ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಪ್ರಶಸ್ತಿಗಳನ್ನೂ 2012ರಲ್ಲಿ ಕಿತ್ತುಕೊಂಡರು. ಅವನನ್ನು ಹೊಗಳಿ ಬರೆದವರಲ್ಲಿ ನಾನೂ ಒಬ್ಬ. ಆ ಲೇಖನದ ಪ್ರತಿ ನಿಮ್ಮಲ್ಲಿದ್ದರೆ ದಯವಿಟ್ಟು ಹರಿದುಹಾಕಿ.

ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಇನ್ನೊಂದು ಸಾಲು ಸೇರಿಸಿದ್ದೀರಿ: ಚಿಕ್ಕಮಗಳೂರಿನ ಕಾರ್ ರ‍್ಯಾಲಿ ಬಗ್ಗೆ ಯಾಕೆ ಬರೆಯುವುದಿಲ್ಲ, ನಮ್ಮ ತೋಟದ ಗೇಟಿನ ಮುಂದೆಯೇ ಗೌರವ್ ಗಿಲ್ ಕಾರು ಹಾರಿಸಿಕೊಂಡು ಹೋದದ್ದು ನೋಡಿದ್ದೇನೆ, ಮೈ ಜುಮ್ಮೆನ್ನುತ್ತದೆ, ಎಂದು. ಈ ಸಾಲು ಓದಿ ನಾನು ಜೋರಾಗಿ ನಕ್ಕೆ, ಕೋಪ ಮಾಡಿಕೊಳ್ಳಬೇಡಿ. ರ‍್ಯಾಲಿ ಏನು ದೊಡ್ಡ ಆಟವೇ? ಇಡೀ ಹಾಸನ ಪೇಟೆಯಲ್ಲಿ ಕೇಳಿದರೂ ಗಿಲ್ ಯಾರೆಂದು ಹೇಳುವವರು ಹತ್ತು ಜನ ಸಿಗಲಾರರು. ನಿಮ್ಮ ಗೇಟಿನ ಮುಂದೆ ಹೋದದ್ದರಿಂದ ನಿಮಗೆ ದೊಡ್ಡದಾಯಿತು, ಅಷ್ಟೇ. ನನಗೆ ಅದರ ಧೂಳು ಆಗದು, ಸದ್ದೂ ಆಗದು. ಆದರೂ ಪಕ್ಕದ ಸೀಟಿನಲ್ಲಿ ಕೂತು, ಕಾರು ಕುಣಿಯುತ್ತಿರುವಾಗಲೇ ಮುಂದಿನ ತಿರುವನ್ನು ಪುಸ್ತಕ ನೋಡಿ ಕೂಗಿ ಹೇಳುವವನ ಬಗ್ಗೆ ಒಂದು ಲೇಖನ ಬರೆಸುತ್ತೇನೆ.

ಈಗ ಫಿಜಿ. ಆ ದೇಶದ ಜನಸಂಖ್ಯೆ ನಮ್ಮ ಹಾಸನ ಜಿಲ್ಲೆಯ ಅರ್ಧದಷ್ಟು. 2016ರ ರಿಯೋದಲ್ಲಿ ಹದಿನೈದರ ಬದಲು ಏಳೇ ಜನ ಆಡುವ ರಗ್ಬಿಯಲ್ಲಿ ಅವರ ತಂಡ ಬ್ರಿಟನ್ನನ್ನು 43–7ರಿಂದ ಸೋಲಿಸಿ ದೇಶಕ್ಕೆ ಮೊದಲ ಒಲಿಂಪಿಕ್ಸ್ ಪದಕ ತಂದಿತು. ಸರ್ಕಾರ ಏಳು ಡಾಲರ್‌ನ ನೋಟು ಅಚ್ಚು ಹಾಕಿಸಿತು, ತಂಡದಲ್ಲಿ ಏಳು ಜನ ಎಂದು! ಜಗತ್ತಿನಲ್ಲಿ ಏಳರ ನೋಟು ಯಾರು ಹೊಡೆಯುತ್ತಾರೆ?

ಆದರೆ ಒಲಿಂಪಿಕ್ಸ್ ಎನ್ನದೆ ಪ್ಯಾರಾಲಿಂಪಿಕ್ಸ್ ಎಂದರೆ, ಫಿಜಿಗೆ ಅದಕ್ಕೂ ನಾಲ್ಕು ವರ್ಷ ಮೊದಲೇ ಒಂದು ಚಿನ್ನ ಬಂದಿತ್ತು. 2012ರ ಲಂಡನ್‌ನಲ್ಲಿ, ಎತ್ತರ ಜಿಗಿತದಲ್ಲಿ. ಒಂದೇ ಕಾಲಿನ ಇಲೀಸಾ ದೆಲಾನಾ 1.74 ಮೀಟರ್ ಹಾರಿದ. ಅವನಷ್ಟೇ ಎತ್ತರ, ಅದೇ 1.74 ಮೀಟರ್ ಹಾರಿಯೂ, ತಪ್ಪಿದ ಪ್ರಯತ್ನಗಳ ಲೆಕ್ಕದಲ್ಲಿ ಹಿಂದೆ ಬಿದ್ದು ಬೆಳ್ಳಿ ಪಡೆದವರು ಎಚ್.ಎನ್. ಗಿರೀಶ, ನಮ್ಮ ಹಾಸನ ಜಿಲ್ಲೆಯವರು. ಆ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಫಿಜಿ ದೆಲಾನಾನ ಚಿತ್ರ ಹಾಕಿ ನಾಣ್ಯ ಟಂಕಿಸಿತು. ಸ್ಪರ್ಧೆಗೆ ಜನ ಇಲ್ಲದ್ದರಿಂದ ಪದಕ ಬರುತ್ತದೆ ಎಂದು ಬರೆದಿರಲ್ಲ, ಒಂದು ಕಾಲಿನಲ್ಲಿ ಊನವಿದ್ದು 1.74 ಮೀಟರ್ ಎಂದರೆ ನಿಮ್ಮ ಮನೆಯ ಗೋಡೆಗೆ ಟೇಪು ಹಿಡಿದು ನೋಡಿ.

ನಾನೇನು ಮಾಡಿದೆ ಎಂದೂ ಹೇಳಬೇಕು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ನ್ಯೂಜಿಲೆಂಡ್ ಎದುರಿನ ಟೆಸ್ಟ್ ಮುಗಿದಿತ್ತು. ಆಗ ನಾನಿದ್ದ ಕಡೆ ಕ್ರೀಡಾ ಪುಟ ಕಟ್ಟುವವನು ನಾನೇ. ಕೊಹ್ಲಿಯ ದೊಡ್ಡ ಚಿತ್ರ ಮೇಲೆ, ಗಿರೀಶರ ಸುದ್ದಿ ಕೆಳಗೆ ಮೂಲೆಯಲ್ಲಿ ಒಂದು ಕಾಲಂ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ. ಜಾಗ ಇತ್ತು, ಚಿತ್ರವೂ ಇತ್ತು. ನನ್ನ ಕೈ ತಾನಾಗಿ ಹಾಗೆ ಹೋಯಿತು. ಮರುದಿನ ಟೀ ಅಂಗಡಿಯಲ್ಲಿ ಒಬ್ಬರು ಕೇಳಿದರು, "ನಮ್ಮ ಕಡೆ ಹುಡುಗನಂತೆ, ಹೌದಾ? ಪೇಪರ್‌ನಲ್ಲಿ ಕಾಣಲೇ ಇಲ್ಲವಲ್ಲ." ರಗ್ಬಿ, ಸೈಕಲ್, ಕೆಸರುಗದ್ದೆ ಎಂದು ಈಗ ಪುಟ ಹಾಳು ಮಾಡುತ್ತಿರುವುದಕ್ಕೆ ಅರ್ಧ ಕಾರಣ ಆ ಟೀ ಅಂಗಡಿ.

ನಿಮ್ಮ ಜಿಲ್ಲೆಯ ರಕ್ಷಿತಾ ರಾಜು 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದರು. ಕಣ್ಣು ಕಾಣದ ಅವರ ಕೈಗೂ ಜೊತೆ ಓಟಗಾರನ ಕೈಗೂ ಒಂದು ಗೇಣು ದಾರ. ಇಬ್ಬರ ಹೆಜ್ಜೆ ಒಂದಾಗದಿದ್ದರೆ ಇಬ್ಬರೂ ಮುಗ್ಗರಿಸಬೇಕು. ಅದರ ಬಗ್ಗೆ ಮುಂದಿನ ತಿಂಗಳು ಎರಡು ಪುಟ ಬರುತ್ತದೆ. ಫುಟ್‌ಬಾಲಿಗೆ ಒಂದೂವರೆ ಪುಟ, ಇದು ಡಿಟಿಪಿ ಹುಡುಗನ ಜೊತೆ ಆದ ಒಪ್ಪಂದ.

ನಿಮಗೊಂದು ಕೆಲಸ. ಈ ಮಳೆಗಾಲ ನಿಮ್ಮ ಹೋಬಳಿಯ ಕೆಸರುಗದ್ದೆ ಕ್ರೀಡಾಕೂಟದ ವರದಿ ನೀವೇ ಬರೆದುಕೊಡಿ. ನಿಮ್ಮ ಭಾಷೆಗೆ ಖಾರ ಇದೆ, ಪುಟಕ್ಕೆ ಅದು ಬೇಕು. ಗೆದ್ದವರದ್ದಷ್ಟೇ ಅಲ್ಲದೆ ಹಗ್ಗದ ಕಟ್ಟಕಡೆಗೆ ನಿಂತವನ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲು ಬಿಟ್ಟು ಸಾಲು ಬರೆಯಿರಿ, ತಿಂಗಳ 20ರೊಳಗೆ ತಲುಪಲಿ. ಮೆಸ್ಸಿಯ ಹೆಸರು ಒಂದಕ್ಕಿಂತ ಹೆಚ್ಚು ಸಲ ಬಂದರೆ ನಾನೇ ಹೊಡೆದುಹಾಕುತ್ತೇನೆ.

— ಸಂಪಾದಕ, ಹಾಸನ